ಕೆಲ್ವಿನ್ ಸ್ವಲ್ಪ ಜಾಸ್ತಿ ಇರೋದು ಕೊಡಿ

ಮಂಜು ಇಲ್ಲದ ರಾತ್ರಿಯಲ್ಲೂ ಫಾಗ್ ಲೈಟ್ ಹಾಕಿಕೊಂಡೇ ಓಡಾಡುವ ಕಾರುಗಳಿವೆ. ಬೆಳದಿಂಗಳಿರಲಿ, ಬೀದಿದೀಪಗಳಿರಲಿ, ಬಂಪರಿನ ಆ ಎರಡು ದೀಪ ಮಾತ್ರ ಆರುವುದಿಲ್ಲ. ಈಗ ಅವುಗಳ ಮಾಲೀಕರಿಗೆ ಹೊಸ ಕೊರಗು ಶುರುವಾಗಿದೆ. ಆ ಬೆಳಕು ಸಾಲುತ್ತಿಲ್ಲವಂತೆ.

ಬಲ್ಬಿನ ಡಬ್ಬಿ ನೋಡಿದರೆ ಕೊರಗು ಅರ್ಧ ಕಡಿಮೆಯಾಗುತ್ತದೆ. 8000 ಕೆಲ್ವಿನ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. 3000ಕ್ಕಿಂತ 8000 ದೊಡ್ಡದು, ಅಲ್ವಾ? ಕೆಲ್ವಿನ್ ಅಂದರೆ ಬಣ್ಣದ ಲೆಕ್ಕ, 3000 ಹಳದಿ, 8000 ನೀಲಿ ಅಂತ ಯಾರಾದರೂ ಹೇಳಿದರೆ ಅವರಿಗೆ ಹೊಟ್ಟೆಕಿಚ್ಚು. ತಂತಿ ಕಾದು ಉರಿಯುವ ಹ್ಯಾಲೊಜೆನ್ ಬಲ್ಬಿಗೆ ನೀಲಿ ಬಳಿದರೆ ಆ ಲೇಪವೇ ಒಂದಷ್ಟು ಬೆಳಕನ್ನು ನುಂಗಿಬಿಡುತ್ತದೆ. ನುಂಗಲಿ ಬಿಡಿ. ದುಬಾರಿ ಕಾರಿನ ಹಾಗೆ ಕಂಡರೆ ಸಾಕು.

ಇನ್ನು ಎಲ್‌ಇಡಿ. ಬೆಳಕು ಎಷ್ಟು ಅನ್ನುವುದರ ಲೆಕ್ಕ ಲೂಮೆನ್. ಎಚ್11 ಅನ್ನುವ ಮಾದರಿಯ 55 ವ್ಯಾಟಿನ ಹ್ಯಾಲೊಜೆನ್ ಬಲ್ಬು ಕೊಡುವುದು ಸುಮಾರು 1,350 ಲೂಮೆನ್. ಎಲ್‌ಇಡಿ ಡಬ್ಬಿಗಳ ಮೇಲೆ 20,000 ಅಂತಲೂ ಇರುತ್ತದೆ. ಬೆರಳುದ್ದದ ಬಲ್ಬು ಅಷ್ಟು ಬೆಳಕನ್ನೂ ಅದರ ಬಿಸಿಯನ್ನೂ ಎಲ್ಲಿ ಬಚ್ಚಿಟ್ಟುಕೊಂಡಿದೆಯೋ, ಮುದ್ರಿಸಿದವರಿಗೇ ಗೊತ್ತು.

ಫಾಗ್ ಲೈಟನ್ನು ಕೆಳಗೆ ಕೂರಿಸಿರುವುದಕ್ಕೆ ಕಾರಣವಿದೆ. ಅದರ ಬೆಳಕು ಅಗಲವಾಗಿ, ನೆಲಕ್ಕಂಟಿದಂತೆ ಹರಡಿ ರಸ್ತೆಯ ಅಂಚು ತೋರಿಸಬೇಕು. ಮೇಲಕ್ಕೆ ಹೋಗಬಾರದು. ಮೇಲಕ್ಕೆ ಹೋದದ್ದು ಮಂಜಿನ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಒಳಗಿನ ಕನ್ನಡಿ ಲೆಕ್ಕ ಹಾಕಿರುವುದು ಹ್ಯಾಲೊಜೆನ್ ತಂತಿ ಇರುವ ಜಾಗಕ್ಕೆ. ಅಲ್ಲಿ ಎಲ್‌ಇಡಿ ಚಿಪ್ ಸ್ವಲ್ಪ ಆಚೀಚೆಯಾದರೂ ಬೆಳಕು ಸಿಕ್ಕಸಿಕ್ಕಲ್ಲಿ ಚೆಲ್ಲುತ್ತದೆ. ಆಗ ಕಾರಿನ ಮುಂದೆ ಬಿಳೀ ಗೋಡೆ ಎದ್ದು ನಿಲ್ಲುತ್ತದೆ. ರಸ್ತೆ ಕಾಣುವುದಿಲ್ಲ, ನಿಜ. ಗೋಡೆ ಮಾತ್ರ ಬಹಳ ಸ್ಪಷ್ಟವಾಗಿ ಕಾಣುತ್ತದೆ!

ಹಳದಿ ಪಂಗಡದವರದು ಬೇರೆ ನಂಬಿಕೆ. ಹಳದಿ ಮಂಜನ್ನು ಸೀಳುತ್ತದಂತೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದಪ್ಪ. ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತದೆ. ಫ್ರಾನ್ಸಿನಲ್ಲಿ 1993ರ ತನಕ ಹೆಡ್‌ಲೈಟೇ ಹಳದಿ ಇರಬೇಕಿತ್ತು. ಅಲ್ಲಿನ ಮಂಜೇನೂ ಹೆದರಿ ಓಡಲಿಲ್ಲ. ಕಣ್ಣಿಗೆ ಸ್ವಲ್ಪ ಹಿತ ಅನ್ನಿ, ಒಪ್ಪೋಣ.

ನನಗೆ ನಿಜಕ್ಕೂ ಗೌರವ ಇರುವುದು ಅರ ಹಿಡಿದವರ ಮೇಲೆ. 19 ವ್ಯಾಟಿನ ಎಚ್16 ಮಾದರಿಯ ಬಲ್ಬಿನ ಜಾಗಕ್ಕೆ 55 ವ್ಯಾಟಿನ ಎಚ್11 ಕೂರದಿರಲಿ ಅಂತಲೇ ಬಲ್ಬಿನ ಬುಡದಲ್ಲಿ ಪ್ಲಾಸ್ಟಿಕ್ ಕಿವಿಗಳನ್ನು ಬೇರೆ ಬೇರೆ ಅಳತೆಯಲ್ಲಿ ಇಟ್ಟಿರುತ್ತಾರೆ. ಇವರು ಆ ಕಿವಿಗಳನ್ನೇ ಉಜ್ಜಿ ಕೂರಿಸುತ್ತಾರೆ. ಎಂಜಿನಿಯರು ಬೇಡ ಅಂದದ್ದನ್ನು ಹತ್ತು ನಿಮಿಷದಲ್ಲಿ ಹೌದು ಅನ್ನಿಸುತ್ತಾರೆ. ಆಮೇಲೆ ದೀಪದ ಗೂಡು ಕರಗಿದರೆ ಬೈಗುಳ ಕಾರಿನ ಕಂಪನಿಗೆ.

ಎದುರಿನಿಂದ ಬಂದವನ ಕಣ್ಣು ಕತ್ತಲೆಗಟ್ಟುತ್ತದೆ. ತನ್ನ ಬಲ್ಬೇ ಮಂಕಾಗಿದೆ ಅಂದುಕೊಂಡು ಅವನೂ ಇನ್ನೊಂದು ಸಾವಿರ ಕೆಲ್ವಿನ್ ಹುಡುಕುತ್ತಾನೆ. ಬಲ್ಬಿನ ಪಕ್ಕದಲ್ಲೇ ರಾತ್ರಿ ಓಡಿಸುವವರಿಗೆಂದು ಹಳದಿ ಗಾಜಿನ ಕನ್ನಡಕ ಮಾರುತ್ತಿರುತ್ತಾರೆ. ಬೆಳಕು ಹೆಚ್ಚಿಸಲು ಬಲ್ಬು, ತಗ್ಗಿಸಲು ಕನ್ನಡಕ. ಎರಡನ್ನೂ ಕೊಂಡು ಅವನು ಒಂದೇ ಸ್ಟಿಯರಿಂಗಿನ ಹಿಂದೆ ಕೂರುತ್ತಾನೆ.