ಅಗ್ಗದ ಮಾತ್ರೆಗೂ ಒಂದು ದೊಡ್ಡ ಟ್ರಯಲ್ ಬೇಕು

ಬೈಕಿನಿಂದ ಬಿದ್ದು ತಲೆಗೆ ಜೋರು ಪೆಟ್ಟಾದವರಿಗೆ ಪಲ್ಸ್, ಬಿಪಿ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ಕೊಟ್ಟರೆ ಜೀವ ಉಳಿಯುತ್ತದಾ? ಈ ಪ್ರಶ್ನೆಗೆ ಗಟ್ಟಿ ಉತ್ತರವನ್ನು ನಮ್ಮ ದೇಶವೇ ಮುಂದೆ ನಿಂತು ಹುಡುಕಬೇಕು ಅನ್ನೋದು ನನ್ನ ಅಭಿಪ್ರಾಯ.

ಬೀಟಾ ಬ್ಲಾಕರ್‌ಗಳಲ್ಲಿ ಒಂದಾದ ಪ್ರೊಪ್ರಾನೊಲೋಲ್ 1960ರ ದಶಕದ ಔಷಧ. ಅದನ್ನು ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಬಿಪಿಗೆ, ಮೈಗ್ರೇನ್‌ಗೆ, ಕೈ ನಡುಕಕ್ಕೆ ಇವತ್ತಿಗೂ ಬರೆಯುತ್ತಾರೆ. ಮೆದುಳಿಗೆ ಪೆಟ್ಟಾದಾಗ ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತದೆ. ಮೊದಲ ಗಳಿಗೆಯಲ್ಲಿ ಅದೇ ಕಾಪಾಡುವುದು. ದಿನಗಟ್ಟಲೆ ಇಳಿಯದೇ ಹೋದರೆ ಮಾತ್ರ ಕಷ್ಟ. ಪಲ್ಸ್ ಓಡುತ್ತಲೇ ಇರುತ್ತದೆ, ಜ್ವರ ಬರುತ್ತದೆ, ಮೈ ಬೆವರುತ್ತದೆ, ಮಾಂಸಖಂಡ ಕರಗುತ್ತದೆ. ಬೀಟಾ ಬ್ಲಾಕರ್ ಅಡ್ರಿನಲಿನ್ ಕೆಲಸವನ್ನು ತಡೆಯುತ್ತದೆ, ಹಾಗಾಗಿ ಆ ಅಬ್ಬರ ತಗ್ಗಿಸಬಹುದಲ್ವಾ ಅನ್ನುವ ಆಸೆಯಿಂದ ಹುಟ್ಟಿದ ಸಂಶೋಧನೆ ಇದು.

ಅಮೆರಿಕದ ಟ್ರಾಮಾ ಆಸ್ಪತ್ರೆಗಳ ದಾಖಲೆ ನೋಡಿದರೆ, ಈ ಮಾತ್ರೆ ಸಿಕ್ಕವರಲ್ಲಿ ಸಾವು ಕಡಿಮೆ. ಆದರೆ ಅದನ್ನು ಅಷ್ಟಕ್ಕೇ ನಂಬುವುದು ಕಷ್ಟ. ಒಂದೇ ರಾತ್ರಿ ಇಬ್ಬರು ಬಂದರು ಅಂತಿಟ್ಟುಕೊಳ್ಳಿ. ಒಬ್ಬರ ಬಿಪಿ ಮೇಲೇಳಲೇ ಇಲ್ಲ, ಬೆಳಗಾಗುವುದರೊಳಗೆ ತೀರಿಕೊಂಡರು. ಅವರಿಗೆ ಯಾರೂ ಬೀಟಾ ಬ್ಲಾಕರ್ ಕೊಡುವುದಿಲ್ಲ. ಇನ್ನೊಬ್ಬರಿಗೆ ಮೂರನೇ ದಿನ ಬಿಪಿ ನಿಂತಿದೆ, ಪಲ್ಸ್ 130 ಇದೆ. ಮಾತ್ರೆ ಶುರುವಾಗುತ್ತದೆ. ಆಮೇಲೆ ಕೇಸ್ ಶೀಟ್ ತೆಗೆದು ಲೆಕ್ಕ ಹಾಕಿದರೆ ಮಾತ್ರೆ ತಗೊಂಡವರು ಬದುಕಿದ್ದಾರೆ! ಮಾತ್ರೆಯಿಂದ ಬದುಕಿದರೋ, ಬದುಕಿದ್ದರಿಂದ ಮಾತ್ರೆ ಸಿಕ್ಕಿತೋ?

ಇರಾನಿನ ಶಿರಾಜ್‌ನಲ್ಲಿ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕಷ್ಟೇ ಮಾತ್ರೆ ಕೊಟ್ಟು ಟ್ರಯಲ್ ನಡೆಸಿದರು. 2020ರಲ್ಲಿ ಬಂದ ಫಲಿತಾಂಶ ಆಸೆ ಹುಟ್ಟಿಸುವಂಥದ್ದೇ. ಆದರೆ ಅದರಲ್ಲಿ ಇದ್ದವರು ಇನ್ನೂರು ಚಿಲ್ಲರೆ ಮಂದಿ. ಸಾಲದು.

ಯಾಕೆ ಇಷ್ಟು ಹಟ ಅಂದರೆ, ತಲೆಗೆ ಪೆಟ್ಟಾದವರಿಗೆ ದಶಕಗಟ್ಟಲೆ ಸ್ಟೀರಾಯ್ಡ್ ಕೊಡುತ್ತಿದ್ದರು. ಊತ ಇಳಿಯುತ್ತದೆ ಅನ್ನೋ ನಂಬಿಕೆ. 2004ರಲ್ಲಿ ಕ್ರ್ಯಾಶ್ ಟ್ರಯಲ್ ಹತ್ತು ಸಾವಿರ ಜನರ ಮೇಲೆ ಪರೀಕ್ಷಿಸಿತು. ಎರಡು ವಾರದಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 21 ಜನ ತೀರಿಕೊಂಡಿದ್ದರು, ಪಡೆಯದವರಲ್ಲಿ 18. ಬೀಟಾ ಬ್ಲಾಕರ್‌ಗೂ ಇಂಥ ಏಟು ಬಿದ್ದಿದೆ. 2008ರ ಪಾಯ್ಸ್ ಟ್ರಯಲ್‌ನಲ್ಲಿ ಆಪರೇಷನ್ ಹೊತ್ತಿಗೆ ಮೆಟೊಪ್ರೊಲೋಲ್ ಅನ್ನೋ ಬೀಟಾ ಬ್ಲಾಕರ್ ಕೊಟ್ಟರು. ಹಾರ್ಟ್ ಅಟ್ಯಾಕ್ ಕಡಿಮೆಯಾಯಿತು, ಸಾವು ಮತ್ತು ಸ್ಟ್ರೋಕ್ ಜಾಸ್ತಿಯಾದವು.

ಅಪಘಾತದಲ್ಲಿ ಇನ್ನೊಂದು ಭಯವೂ ಇದೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ಪಲ್ಸ್ ಏರಿ ಬಿಪಿ ಹಿಡಿದು ನಿಲ್ಲಿಸುತ್ತದೆ. ಅದನ್ನೇ ಕಟ್ಟಿಹಾಕಿದರೆ? (ಮೊದಲೇ ಈ ಮಾತ್ರೆ ತಗೊಳ್ಳುವ ಅಜ್ಜ ಅಜ್ಜಿ ಬಿದ್ದರೆ, ಮಾತ್ರೆ ಪಟ್ಟಿಯನ್ನೂ ಆಸ್ಪತ್ರೆಗೆ ತಗೊಂಡು ಹೋಗಿ. ಮಾತ್ರೆಯಿಂದಾಗಿ ಪಲ್ಸ್ ಏರದೆ 80 ಇದ್ದರೂ ಒಳಗೆ ರಕ್ತ ಹೋಗುತ್ತಿರಬಹುದು.)

2022ರಲ್ಲಿ ನಮ್ಮ ರಸ್ತೆಗಳಲ್ಲಿ 1,68,491 ಜನ ಸತ್ತರು. ಇಷ್ಟು ಹಳೆಯ, ಅಗ್ಗದ ಮಾತ್ರೆಗೆ ಯಾವ ಕಂಪನಿ ದುಡ್ಡು ಹಾಕುತ್ತದೆ? ಸರ್ಕಾರವೇ ಹಾಕಬೇಕು. ಟ್ರಾನೆಕ್ಸಾಮಿಕ್ ಆಸಿಡ್ ಅನ್ನೋ ಔಷಧ ರಕ್ತಸ್ರಾವದ ಸಾವು ತಗ್ಗಿಸುತ್ತದೆ ಎಂದು ತೋರಿಸಿದ ಕ್ರ್ಯಾಶ್-2 ಟ್ರಯಲ್‌ಗೆ ಅತಿ ಹೆಚ್ಚು ರೋಗಿಗಳು ಸೇರಿದ್ದು ಭಾರತದಿಂದಲೇ. ಅಂದರೆ ನಮ್ಮ ಆಸ್ಪತ್ರೆಗಳಿಗೆ ಇದು ಬರದ ಕೆಲಸವಲ್ಲ. ರಕ್ತಸ್ರಾವ ನಿಂತ ಮೇಲಷ್ಟೇ ಮಾತ್ರೆ ಶುರು ಮಾಡಿ, ಬದುಕಿದರಾ ಅಂತ ಮಾತ್ರ ನೋಡದೆ, ಆರು ತಿಂಗಳ ನಂತರ ಅವರು ತಾವೇ ಎದ್ದು ಓಡಾಡಿ ಕೆಲಸಕ್ಕೆ ಹೋಗುತ್ತಿದ್ದಾರಾ ಅಂತಲೂ ಎಣಿಸುವ ಟ್ರಯಲ್ ನಮಗೆ ಬೇಕು.