ಸರ್ಕಾರಿ ನೋಟಿಸು ಇ-ಮೇಲ್‌ನಲ್ಲಿ ಹೋದರೆ ಸಾಕೇ? ಪರ – ವಿರೋಧ

ಪರ: ಮೊದಲು ಇ-ಮೇಲ್, ಅದು ಆಗದಿದ್ದರಷ್ಟೇ ಅಂಚೆ

2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಎಂಬ ಪ್ರತ್ಯೇಕ ಸೇವೆ ಇಲ್ಲ, ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ. ಅಕ್ಟೋಬರ್ 1ರಿಂದ ದರವೂ ಬದಲಾಯಿತು. 50 ಗ್ರಾಂವರೆಗಿನ ಲಕೋಟೆಗೆ ಊರೊಳಗೆ ₹19, ಹೊರಗೆ ₹47. ವಿಳಾಸದಾರರ ಕೈಗೇ ಕೊಡಿಸುವ ನೋಂದಣಿ ಬೇಕಿದ್ದರೆ ಮೇಲೆ ₹5, ಜಿಎಸ್‌ಟಿ ಬೇರೆ. ಎರಡು ಹಾಳೆಯ ನೋಟಿಸು ಹಿಂದೆ ಆರ್‌ಪಿಎಡಿಯಲ್ಲಿ (ಸ್ವೀಕೃತಿ ಚೀಟಿ ಸಹಿತ ರಿಜಿಸ್ಟರ್ಡ್ ಪೋಸ್ಟ್) ₹30ರೊಳಗೆ ಹೋಗುತ್ತಿತ್ತು. ಅದನ್ನೇ ಈಗ ಬೆಂಗಳೂರಿನಿಂದ ಕಲಬುರಗಿಗೆ ಕಳುಹಿಸಲು ತೆರಿಗೆ ಬಿಟ್ಟು ₹52 ಬೇಕು. ನೋಟಿಸು ಕಳುಹಿಸುವುದೇ ಮುಖ್ಯ ಕೆಲಸವಾಗಿರುವ ಕಚೇರಿಗಳಿಗೆ ಇದು ಸಣ್ಣ ಏರಿಕೆಯಲ್ಲ.

ಅದಕ್ಕಿಂತ ದೊಡ್ಡ ಸೋರಿಕೆ ಕಚೇರಿ-ಕಚೇರಿಗಳ ನಡುವೆಯೇ ಇದೆ. ಒಂದು ಸುತ್ತೋಲೆಯನ್ನು 31 ಜಿಲ್ಲಾಧಿಕಾರಿಗಳಿಗೂ ಸ್ಪೀಡ್ ಪೋಸ್ಟ್ ಮಾಡಿದರೆ ₹1,400 ದಾಟುತ್ತದೆ. ಅದೇ ಸುತ್ತೋಲೆ ಹಿಂದಿನ ದಿನವೇ ಇ-ಮೇಲ್‌ನಲ್ಲಿ ಹೋಗಿರುತ್ತದೆ, ಕೆಳಗೆ ‘ಮೂಲ ಪ್ರತಿಯನ್ನು ಅಂಚೆ ಮೂಲಕ ಕಳುಹಿಸಲಾಗುವುದು’ ಎಂಬ ಸಾಲಿರುತ್ತದೆ. ಆ ಒಂದು ಸಾಲು ಖರ್ಚನ್ನೂ ಕೆಲಸವನ್ನೂ ಎರಡು ಪಟ್ಟು ಮಾಡುತ್ತದೆ. ಸರ್ಕಾರದ ಆನ್‌ಲೈನ್ ಕಡತ ವ್ಯವಸ್ಥೆಯಾದ ಇ-ಆಫೀಸ್‌ನಲ್ಲಿ ಡಿಜಿಟಲ್ ಸಹಿಯಾದ ಪತ್ರವೇ ಮೂಲ ಪ್ರತಿ. ಹಾಗಾಗಿ ಈ ಸಾಲನ್ನು ಎಲ್ಲ ಮಾದರಿ ಪತ್ರಗಳಿಂದಲೂ ಕಿತ್ತುಹಾಕಬೇಕು.

ಸಾರ್ವಜನಿಕರ ಪತ್ರಗಳಿಗೂ ಕಾನೂನಿನ ಆಧಾರವಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಂ ಪ್ರಕಾರ, ವಿಳಾಸದಾರ ತಾನೇ ಗೊತ್ತುಮಾಡಿಕೊಟ್ಟ ಇ-ಮೇಲ್‌ಗೆ ಪತ್ರ ಹೊಕ್ಕ ಕ್ಷಣವೇ ಅದು ತಲುಪಿದಂತೆ. ಆದ್ದರಿಂದ ಅರ್ಜಿ ನಮೂನೆಯಲ್ಲೇ ‘ನೋಟಿಸು ಬರಬೇಕಾದ ಇ-ಮೇಲ್’ ಎಂಬ ಪ್ರತ್ಯೇಕ ಕಾಲಂ ಇರಲಿ, ಪಕ್ಕದಲ್ಲಿ ಒಪ್ಪಿಗೆಯ ಸಹಿ ಇರಲಿ. ಅರ್ಜಿ ಪಡೆದ ದಿನವೇ ಆ ವಿಳಾಸಕ್ಕೊಂದು ಸ್ವೀಕೃತಿ ಕಳುಹಿಸಿ. ಅದು ವಾಪಸ್ ಬಂದರೆ ಅರ್ಜಿದಾರರಿಗೆ ಫೋನ್ ಮಾಡಿ ತಿದ್ದಿಸಿಕೊಳ್ಳಿ. ನೋಟಿಸು ಕಳುಹಿಸಿದ ಮೇಲೆ ಮೇಲ್‌ನ ದಿನಾಂಕ, ಸಮಯ, ಲಗತ್ತು ಎಲ್ಲವೂ ಕಾಣುವ ಪ್ರತಿಯನ್ನು ಕಡತಕ್ಕೆ ಸೇರಿಸಿ. ಏಳು ದಿನದಲ್ಲಿ ಉತ್ತರವಿಲ್ಲದಿದ್ದರೆ ಆಗ ಅಂಚೆಗೆ ಹಾಕಿ. ಜಿಎಸ್‌ಟಿ ಕಾಯ್ದೆಯ 169ನೇ ಕಲಂ ಇ-ಮೇಲ್, ಪೋರ್ಟಲ್, ಅಂಚೆ ಮೂರನ್ನೂ ನೋಟಿಸು ಜಾರಿಯ ಮಾರ್ಗಗಳೆಂದು ಒಪ್ಪಿದೆ. ಬೇರೆ ಇಲಾಖೆಗಳು ಇನ್ನೂ ಯಾಕೆ ಹಿಂದೇಟು ಹಾಕಬೇಕು?

ವಿರೋಧ: ಉಳಿತಾಯ ಇರುವುದು ರವಾನೆ ಶಾಖೆಯಲ್ಲಿ

ಕಚೇರಿಯಿಂದ ಕಚೇರಿಗೆ ಕಾಗದ ಬೇಡ ಎಂಬುದನ್ನು ಒಪ್ಪುತ್ತೇನೆ. ತಕರಾರಿರುವುದು ಜನರಿಗೆ ಹೋಗುವ ನೋಟಿಸಿನ ಬಗ್ಗೆ. ಜಿಎಸ್‌ಟಿ ಕಟ್ಟುವ ವ್ಯಾಪಾರಿಗೆ ಲೆಕ್ಕ ನೋಡುವವರಿರುತ್ತಾರೆ, ಅವರು ಪೋರ್ಟಲ್ ತೆರೆದು ನೋಡುತ್ತಾರೆ. ಜಮೀನಿನ ತಕರಾರಿನಲ್ಲಿರುವ ರೈತನ ಅರ್ಜಿಯನ್ನು ತುಂಬಿದ್ದು ಸೈಬರ್ ಸೆಂಟರಿನ ಹುಡುಗನಾಗಿದ್ದರೆ, ಇ-ಮೇಲ್ ಕಾಲಂನಲ್ಲಿರುವುದೂ ಎಷ್ಟೋ ಸಲ ಆ ಅಂಗಡಿಯದೇ ವಿಳಾಸ. ಕೆಳಗೆ ರೈತನ ಸಹಿ ಇರುತ್ತದೆ. ಕಲಂ 13ರ ಲೆಕ್ಕದಲ್ಲಿ ನೋಟಿಸು ತಲುಪಿತು, ಆದರೆ ಅವನಿಗೆ ಗೊತ್ತೇ ಆಗಲಿಲ್ಲ. ವಿಚಾರಣೆಗೆ ಬರದ ಅವನ ಮೇಲೆ ಏಕಪಕ್ಷೀಯ ಆದೇಶವಾಗುತ್ತದೆ, ಮೇಲ್ಮನವಿಯಲ್ಲಿ ಅದು ರದ್ದಾಗಿ ಕಡತ ಮೊದಲ ಪುಟಕ್ಕೆ ವಾಪಸ್ ಬರುತ್ತದೆ. ₹52 ಉಳಿಸಿದ್ದಕ್ಕೆ ಇಷ್ಟು ಬೆಲೆ.

ಜೊತೆಗೆ ಎಸ್‌ಎಂಎಸ್ ಕಳುಹಿಸಿದರಾಯಿತು ಎನ್ನುವವರಿದ್ದಾರೆ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸುತ್ತದೆ, ಕನ್ನಡದಲ್ಲಿ 70 ಮಾತ್ರ. ಗುಣಿತದ ಚಿಹ್ನೆ, ಅರ್ಧಾಕ್ಷರದ ವಿರಾಮ ಚಿಹ್ನೆ (್), ಒತ್ತಕ್ಷರ ಎಲ್ಲವೂ ಬಿಡಿಬಿಡಿಯಾಗಿ ಲೆಕ್ಕಕ್ಕೆ ಬರುತ್ತವೆ. ಕಣ್ಣಿಗೆ ಐದು ಅಕ್ಷರವಾಗಿ ಕಾಣುವ ‘ತಹಶೀಲ್ದಾರ್’ ಅಲ್ಲಿ ಹತ್ತಾಗುತ್ತದೆ. ಕಡತ ಸಂಖ್ಯೆ, ದಿನಾಂಕ, ಸ್ಥಳ ಬರೆಯುವಷ್ಟರಲ್ಲಿ ಸಂದೇಶ ಎರಡು ಮೂರು ತುಂಡಾಗಿ, ಪ್ರತಿ ತುಂಡಿಗೂ ದರ ಬೀಳುತ್ತದೆ. ಇನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಕಡತವನ್ನು ಹಾಗೆಯೇ ಲಗತ್ತಿಸಿದರೆ ಮೊಬೈಲಿನಲ್ಲಿ ಕಾಣುವುದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ.

ಅಂಚೆ ಖರ್ಚು ಇಳಿಸಬೇಕೆಂದರೆ ರವಾನೆ ಶಾಖೆಯ ಮೇಜಿನ ಮೇಲೊಂದು ಸರಿಯಾದ ತೂಕದ ಯಂತ್ರ ಇಡಿ. 75 ಜಿಎಸ್‌ಎಂನ ಎ4 ಹಾಳೆ ಸುಮಾರು 4.7 ಗ್ರಾಂ. ಹಾಳೆಯನ್ನು ಮಡಚದೆ ಹಾಕುವ ದೊಡ್ಡ ಕಂದು ಕವರ್ ತಾನೇ 16 ಗ್ರಾಂ ಮೇಲಿರುತ್ತದೆ. ಅದಕ್ಕೆ ಒಂದೇ ಹಾಳೆ ಹಾಕಿದರೂ 20 ಗ್ರಾಂ ದಾಟಿ ಸಾಧಾರಣ ಅಂಚೆಗೆ ₹5ರ ಬದಲು ₹10 ಹೋಗುತ್ತದೆ. ಮೂರು ಮಡಿಕೆಯ ಉದ್ದ ಕವರಿನಲ್ಲಿ ಮೂರು ಹಾಳೆ ₹5ರಲ್ಲೇ ಹೋಗುತ್ತವೆ. ಹನ್ನೆರಡು ಪುಟದ ಆದೇಶವನ್ನು ಒಂದೇ ಬದಿ ಮುದ್ರಿಸಿದರೆ ಹಾಳೆಗಳೇ 56 ಗ್ರಾಂ. ಸ್ಪೀಡ್ ಪೋಸ್ಟ್‌ನಲ್ಲಿ ಹೊರ ಊರಿಗೆ ಕನಿಷ್ಠ ₹59. ಎರಡೂ ಬದಿ ಮುದ್ರಿಸಿದರೆ ಕವರ್ ಸೇರಿ 45 ಗ್ರಾಂ ಆಸುಪಾಸು, ₹47 ಸಾಕು.

ಮುದ್ರಣ ಎಲ್ಲಿ ನಡೆಯುತ್ತದೆ ಎಂಬುದೂ ಮುಖ್ಯ. ಬೆಂಗಳೂರಿನ ಕೇಂದ್ರ ಕಚೇರಿ ಸಹಿಯಾದ ಪಿಡಿಎಫ್‌ಗಳನ್ನು ಕಲಬುರಗಿಯ ಜಿಲ್ಲಾ ಕಚೇರಿಗೆ ಕಳುಹಿಸಿ ಅಲ್ಲೇ ಮುದ್ರಿಸಿ ಅಂಚೆಗೆ ಹಾಕಿಸಿದರೆ, ಆ ನಗರದೊಳಗಿನ ವಿಳಾಸಗಳಿಗೆ ₹19. ಕಚೇರಿಗಳು ಒಂದೇ ಸಮುಚ್ಚಯದಲ್ಲಿದ್ದರೆ ಮುದ್ದಾಂ (ಸಿಬ್ಬಂದಿಯ ಕೈಯಲ್ಲೇ ಕಳುಹಿಸುವುದು) ಸಾಕು, ಸಹಿ ಪಡೆಯುವ ಟಪಾಲು ವಹಿ ಇದ್ದೇ ಇದೆ. ಕಾಯ್ದೆ ಕೇಳದ ಕಡೆ ನೋಂದಣಿಯ ₹5 ಹಾಕಬೇಡಿ. ಕೇಳುವ ಕಡೆ ಮಾತ್ರ ಬಿಡಬೇಡಿ: ನೋಂದಣಿ ಇದ್ದರೆ ಲಕೋಟೆಯನ್ನು ವಿಳಾಸದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಕೊಡುತ್ತಾರೆ.

ಹೆಚ್ಚು ಹಣ ಪೋಲಾಗುವುದು ವಾಪಸ್ ಬರುವ ಲಕೋಟೆಗಳಲ್ಲಿ. ಪೌತಿ ಖಾತೆ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಆಗದ ಪಹಣಿಯಿಂದ ಹೆಸರು ಎತ್ತಿಕೊಂಡರೆ ನೋಟಿಸು ಸತ್ತವರ ಹೆಸರಿಗೆ ಹೋಗುತ್ತದೆ. ಪಿನ್‌ಕೋಡ್ ಇಲ್ಲದೆ ಊರಿನ ಹೆಸರಷ್ಟೇ ಬರೆದರೆ ಅದೇ ಹೆಸರಿನ ಇನ್ನೊಂದು ಊರು ಸುತ್ತಿ ಬರುತ್ತದೆ. ವಾಪಸಾದ ಪ್ರತಿ ಲಕೋಟೆಯ ಮೇಲೆ ಅಂಚೆಯವರು ಬರೆದ ಷರಾವನ್ನು ವಹಿಯಲ್ಲಿ ಬರೆದಿಡಬೇಕು. ‘ಬಾಗಿಲು ಹಾಕಿದೆ’ ಎಂದಿದ್ದರೆ ಮತ್ತೊಮ್ಮೆ ಕಳುಹಿಸಬಹುದು. ‘ವಿಳಾಸ ಬಿಟ್ಟಿದ್ದಾರೆ’ ಎಂದಿದ್ದರೆ ಹೊಸ ವಿಳಾಸ ಸಿಗುವವರೆಗೆ ಅಂಚೆ ಖರ್ಚು ಬೇಡ. ಗ್ರಾಮ ಆಡಳಿತ ಅಧಿಕಾರಿಯಿಂದ ವರದಿ ತರಿಸಿಕೊಳ್ಳಿ. ‘ನಿರಾಕರಿಸಿದ್ದಾರೆ’ ಎಂದಿದ್ದರೆ ಸಾಮಾನ್ಯವಾಗಿ ಜಾರಿಯಾದಂತೆಯೇ, ಆ ಲಕೋಟೆಯನ್ನು ಒಡೆಯದೆ ಕಡತಕ್ಕೆ ಹಾಕಿ. ಈ ವ್ಯತ್ಯಾಸ ನೋಡದೆ ವಾಪಸಾದದ್ದನ್ನೆಲ್ಲ ಅದೇ ವಿಳಾಸ ಬರೆದು ಮತ್ತೆ ಅಂಚೆಗೆ ಹಾಕುವ ಶಾಖೆಯಲ್ಲಿ ಇ-ಮೇಲ್ ಬಂದರೂ ನಡೆಯುವುದು ಇದೇ: ತಪ್ಪು ವಿಳಾಸಕ್ಕೇ ಮತ್ತೆ ಮತ್ತೆ ಕಳುಹಿಸುತ್ತಾರೆ.