ಸಾಕುವುದಾದರೆ ಬಿಳಿ ಸೀಮೆ ಹಂದಿಯೇ ಬೇಕಾ?

ಪರ

ಹಂದಿ ಸಾಕ್ತೀನಿ ಅಂದರೆ ಮೂಗು ಮುರಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಇರಲಿ ಬಿಡಿ. ದೊಡ್ಡಿ ಕಟ್ಟಲು ದುಡ್ಡು ಹಾಕಿದವನಿಗೆ ಮುಖ್ಯವಾದದ್ದು ಸೂಲಿಗೆ ಎಷ್ಟು ಮರಿ, ಎಷ್ಟು ದಿನಕ್ಕೆ ಎಷ್ಟು ತೂಕ ಅನ್ನುವುದು.

ಗಬ್ಬ ನಿಂತ ಸುಮಾರು 114 ದಿನಕ್ಕೆ ಹಂದಿ ಮರಿ ಹಾಕುತ್ತದೆ. ಮೂರು ತಿಂಗಳು, ಮೂರು ವಾರ, ಮೂರು ದಿನ ಎಂದು ನೆನಪಿಟ್ಟುಕೊಂಡರೆ ಮರೆಯುವುದೇ ಇಲ್ಲ. ಇದು ನಾಟಿಗೂ ಒಂದೇ, ಸೀಮೆಗೂ ಒಂದೇ. ವ್ಯತ್ಯಾಸ ಶುರುವಾಗುವುದು ಆಮೇಲೆ. ಬಿಳಿ ಸೀಮೆ ತಳಿಯಾದ ಯಾರ್ಕ್‌ಷೈರ್ ಸೂಲಿಗೆ ಹತ್ತರ ಆಸುಪಾಸು ಮರಿ ಹಾಕುತ್ತದೆ. ಚೆನ್ನಾಗಿ ಮೇಯಿಸಿದರೆ ಆರರಿಂದ ಎಂಟು ತಿಂಗಳಿಗೆ 90–100 ಕೆ.ಜಿ. ಬರುತ್ತದೆ. ಆ ವಯಸ್ಸಿಗೆ ನಮ್ಮ ಊರಹಂದಿ ಅದರ ಅರ್ಧ ತೂಗುವುದೂ ಕಷ್ಟ.

ಈ ತೂಕ ಸುಮ್ನೆ ಬಂದದ್ದಲ್ಲ. ಡೆನ್ಮಾರ್ಕ್‌ನವರು 1907ರಲ್ಲೇ ಹಂದಿಗೆ ಪರೀಕ್ಷಾ ಕೇಂದ್ರ ಶುರು ಮಾಡಿದರು. ಬೇರೆ ಬೇರೆ ಸೂಲಿನ ಮರಿಗಳನ್ನು ಅಲ್ಲಿಗೆ ತಂದು ಒಂದೇ ಥರದ ಮೇವು ಹಾಕುವುದು, ಬೆಳವಣಿಗೆ ಬರೆದಿಡುವುದು, ಮರಿಯ ಗುಣ ನೋಡಿ ತಂದೆ-ತಾಯಿಯನ್ನು ಆರಿಸುವುದು. ಇಂಥ ಲೆಕ್ಕದ ಪುಸ್ತಕದಿಂದಲೇ ಇವತ್ತಿನ ಸೀಮೆ ಹಂದಿಗಳು ತಯಾರಾದವು. ಅಷ್ಟು ವರ್ಷದ ಕೆಲಸ ಮರಿಯ ಮೈಯಲ್ಲೇ ನಮಗೆ ಸಿಗುತ್ತಿರುವಾಗ ಮತ್ತೆ ಸೊನ್ನೆಯಿಂದ ಯಾಕೆ ಶುರು ಮಾಡಬೇಕು?

ವಿರೋಧ

ತೂಕದ ಲೆಕ್ಕ ಸರಿ. ಖರ್ಚಿನ ಲೆಕ್ಕ ಎಲ್ಲಿ ಹೋಯಿತು?

ಹಂದಿಗೆ ಬೆವರು ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಅದು ಕೆಸರಿನಲ್ಲಿ ಹೊರಳುವುದು. ಊರಹಂದಿ ಹಾಗೇ ಬೇಸಿಗೆ ಕಳೆದುಬಿಡುತ್ತದೆ. ಬಿಳಿ ಹಂದಿಯ ಚರ್ಮ ಮಾತ್ರ ಬಿಸಿಲಿಗೆ ಸುಡುತ್ತದೆ. ಅದಕ್ಕೆ ತಂಪಾದ ಮಾಡು ಬೇಕು, ಮೈಮೇಲೆ ನೀರು ಬೇಕು. ಒಂದು ಕೆ.ಜಿ. ತೂಕ ಏರಲು ಮೂರು ಕೆ.ಜಿ.ಗೂ ಜಾಸ್ತಿ ಮೇವು ಬೇಕು, ಅದೂ ಜೋಳ-ಸೋಯಾ ಬೆರೆಸಿದ್ದು. ಮೇವು ಉಳಿಸೋಣ ಎಂದು ಹೋಟೆಲಿನ ಮುಸುರೆ ತಂದು ಹಾಕುವವರಿದ್ದಾರೆ. ಅದನ್ನು ಚೆನ್ನಾಗಿ ಕುದಿಸದಿದ್ದರೆ ಆಫ್ರಿಕನ್ ಹಂದಿ ಜ್ವರದ ವೈರಸ್ಸಿಗೆ ಬಾಗಿಲು ತೆರೆದಂತೆ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡ ಜ್ವರ ಅದು. ಮನುಷ್ಯರಿಗೆ ಅಂಟುವುದಿಲ್ಲ, ಆದರೆ ದೊಡ್ಡಿಗೆ ದೊಡ್ಡಿಯೇ ಖಾಲಿ. ನಾಟಿಯೂ ಸಾಯುತ್ತದೆ, ಒಪ್ಪುತ್ತೇನೆ. ಆದರೆ ಸಾಲ ಮಾಡಿ ನೂರು ಯಾರ್ಕ್‌ಷೈರ್ ತುಂಬಿದವನ ಕಥೆ ಬೇರೆ ಅಲ್ವಾ?

ಆ ಲೆಕ್ಕದ ಪುಸ್ತಕವೂ ಒಮ್ಮೆ ಎಡವಿದೆ. ಯುರೋಪಿನಲ್ಲಿ ಕೊಬ್ಬು ಕಡಿಮೆ, ಮಾಂಸ ಜಾಸ್ತಿ ಎಂದು ಆರಿಸುತ್ತಾ ಹೋದರು. ಬೆಲ್ಜಿಯಂನ ಪಿಯೆಟ್ರೆನ್‌ನಂಥ ತಳಿಗಳಲ್ಲಿ ಆ ಗುಣದ ಬೆನ್ನಿಗೇ ಒಂದು ಕೆಟ್ಟ ಜೀನ್ ಸೇರಿಕೊಂಡಿತು. ಲಾರಿಗೆ ಹತ್ತಿಸುವಾಗಿನ ಗಾಬರಿಗೇ ಹಂದಿ ಸೆಟೆದು ಸಾಯುತ್ತಿತ್ತು. ಉಳಿದದ್ದರ ಮಾಂಸವೂ ಬಿಳಿಚಿಕೊಂಡು ನೀರೊಡೆಯುತ್ತಿತ್ತು. ಒಂದೇ ಒಂದು ಜೀನಿನ ದೋಷ ಇದು ಎಂದು ವಿಜ್ಞಾನಿಗಳು ಪತ್ತೆ ಹಚ್ಚಿದ್ದು 1991ರಲ್ಲಿ.

ಹಾಗಂತ ಸೀಮೆ ರಕ್ತವೇ ಬೇಡ ಎನ್ನುತ್ತಿಲ್ಲ. ಗುವಾಹಟಿ ಹತ್ತಿರದ ರಾಣಿಯಲ್ಲಿ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರವಿದೆ. ಅವರು ಹ್ಯಾಂಪ್‌ಷೈರ್ ಎಂಬ ಸೀಮೆ ತಳಿಯ ಜೊತೆ ಬಂಗಾಳದ ಕಪ್ಪು ಘುಂಗ್ರೂ ಹಂದಿಯನ್ನು ಕೂಡಿಸಿ ‘ರಾಣಿ’ ಎಂಬ ಮಿಶ್ರತಳಿ ಮಾಡಿದ್ದಾರೆ. ಪಕ್ಕದ ಗೋವಾದವರ ಅಗೊಂಡ ಹಂದಿಯೂ ಈಗ ನೋಂದಾಯಿತ ತಳಿ. ಎಲ್ಲರೂ ಬಿಳಿ ಹಂದಿಯ ಹಿಂದೆ ಬಿದ್ದು ಘುಂಗ್ರೂ ಎಂದೋ ಮಾಯವಾಗಿದ್ದರೆ, ರಾಣಿಯವರು ಹ್ಯಾಂಪ್‌ಷೈರನ್ನು ಯಾವುದರ ಜೊತೆ ಕೂಡಿಸುತ್ತಿದ್ದರು?